ಬೆಳ್ಳಿಗೆ ಹಿಡಿಸದ ವಾಸನೆ

ಪೆಟ್ಟಿಗೆ ಬಂದ ದಿನವೇ ಅದಕ್ಕೊಂದು ಕೋಣೆ ಸಿಕ್ಕಿತು. ಬಿಸಿಲು ಬೀಳದ, ಧೂಳು ಸುಳಿಯದ, ಸದಾ ತಂಪು ಗಾಳಿ ಬೀಸುವ ಕೋಣೆ. ಅದೇ ಕಟ್ಟಡವನ್ನು ಗುಡಿಸಿ ಒರೆಸುವ ಮೂವರು ಹೆಂಗಸರು, ನಮಗೂ ಒಂದು ಕೋಣೆ ಕೊಡಿ, ಕೋಣೆ ಆಗದಿದ್ದರೆ ಬಾಗಿಲಿರುವ ಒಂದು ಮೂಲೆಯನ್ನಾದರೂ ಕೊಡಿ ಎಂದು ಕೇಳಲು ಶುರುಮಾಡಿ ಎಷ್ಟು ಕಾಲವಾಗಿತ್ತೆಂದರೆ, ಕೇಳುವುದೂ ಅವರ ಕೆಲಸದಲ್ಲೇ ಸೇರಿಹೋಗಿತ್ತು. ಗುಡಿಸುವುದು, ಒರೆಸುವುದು, ಕೇಳುವುದು.

ಆ ಕಟ್ಟಡ ಒಂದು ವಸ್ತುಸಂಗ್ರಹಾಲಯ. ಹಿಂದೆ ಯಾರೋ ಸಿರಿವಂತರ ಬಂಗಲೆಯಾಗಿತ್ತು. ಮುಂದಿನ ಬಾಗಿಲಿಗೆ ಅಮೃತಶಿಲೆಯ ಮೆಟ್ಟಿಲು. ಹಿಂದಿನ ಬಾಗಿಲಿಗೆ ಜನರೇಟರ್, ಅದರ ಮಗ್ಗುಲಲ್ಲಿ ಒಂದು ನಲ್ಲಿ. ಕೈಕಾಲು ತೊಳೆಯುವುದಕ್ಕೆ ಆ ನಲ್ಲಿ. ಬಟ್ಟೆ ಬದಲಿಸುವುದಕ್ಕೆ ಮೆಟ್ಟಿಲ ಕೆಳಗಿನ ಸಂದು. ಅಲ್ಲಿ ಒಬ್ಬಳು ಹಳೆಯ ಪರದೆ ಅಡ್ಡ ಹಿಡಿದರೆ ಇನ್ನೊಬ್ಬಳು ಒಳಗೆ ಬಗ್ಗಿ ನಿಂತು ಬದಲಿಸಬೇಕು. ಸಂದರ್ಶಕರ ಶೌಚಾಲಯವನ್ನು ದಿನಕ್ಕೆರಡು ಸಲ ತಿಕ್ಕಿ ಹೊಳೆಸುವವರು ಇವರೇ. ಅದರ ಬಾಗಿಲಿಗೆ ‘ಸಿಬ್ಬಂದಿಗೆ ಪ್ರವೇಶವಿಲ್ಲ’ ಎಂಬ ಫಲಕ. ಆ ಫಲಕದ ಧೂಳು ಒರೆಸುವವರೂ ಇವರೇ.

ಮೂವರಲ್ಲಿ ಹಿರಿಯಳು ದೊಡ್ಡಕ್ಕ. ಗೋಡೆಗೆ ಏನು ಅಂಟಿಸಿದರೂ ನಿಂತು ಪೂರ್ತಿ ಓದಿ, ಓದಿದ್ದಕ್ಕೆಲ್ಲ ಒಂದು ಪ್ರಶ್ನೆ ಹಾಕುವ ನಡುವಿನವಳಿಗೆ ವಕೀಲೆ ಎಂದು ಹೆಸರು. ಮೂರನೆಯವಳು ಮೌನಿ. ಬಾಯಿಗೆ ಬೀಗ ಹಾಕುವ ಉಪಾಯ ಯಾರಿಗೂ ಹೊಳೆಯದ್ದರಿಂದ ಆ ಹೆಸರು.

ದೊಡ್ಡಕ್ಕ ಮೊನ್ನೆ ಅಜ್ಜಿಯಾಗಿದ್ದಳು. ಮಗಳಿಗೆ ಹೆಣ್ಣುಮಗು. ನಿನ್ನೆ ಕೆಲಸ ಮುಗಿಸಿ, ನಲ್ಲಿಯಲ್ಲಿ ಮೊಳಕೈವರೆಗೆ ತೊಳೆದುಕೊಂಡು, ಬಿದ್ದಂಬೀಳ ಆಸ್ಪತ್ರೆಗೆ ಓಡಿದರೆ ಹಾಸಿಗೆಯ ಪಕ್ಕದಲ್ಲಿ ಬೀಗಿತ್ತಿ ಕುಳಿತಿದ್ದಳು. ದೊಡ್ಡಕ್ಕ ಕೈ ಚಾಚುವಷ್ಟರಲ್ಲಿ ಆಕೆ ಮಗುವನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

“ಅಯ್ಯೋ, ಬೇಡಮ್ಮ. ಫಿನಾಯಿಲ್ ಗಮ್ಮಂತಿದೆ ನಿಮ್ಮ ಮೈಮೇಲೆ. ಹಸುಗೂಸು ತಡೆಯುತ್ತಾ? ಅಲ್ಲಿಂದಲೇ ನೋಡಿ.”

ದೊಡ್ಡಕ್ಕ ಅಲ್ಲಿಂದಲೇ ನೋಡಿದಳು. ಸುತ್ತಿದ ಬಟ್ಟೆಯ ಸಂದಿನಲ್ಲಿ ಕಂಡದ್ದು ಮೂಗಿನ ತುದಿ, ಅಷ್ಟೆ. ಮಗಳು ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದಳು. ನಾಳೆ ಬೆಳಗ್ಗೆ ಅವರೆಲ್ಲ ತಮ್ಮೂರಿಗೆ ಹೊರಡುವವರು. ದಿನವಿಡೀ ರೈಲಿನ ದಾರಿ. ಮಗುವನ್ನು ಒಂದು ಸಲ ಎತ್ತಿಕೊಳ್ಳಲು ಉಳಿದದ್ದು ಇವತ್ತಿನ ಸಂಜೆ ಮಾತ್ರ. ಆರಕ್ಕೆ ಆಸ್ಪತ್ರೆಯ ಗೇಟು ಹಾಕುತ್ತಾರೆ.

“ರಜ ಕೇಳಬೇಕಿತ್ತು ಅಕ್ಕ” ಎಂದಳು ವಕೀಲೆ, ಮೆಟ್ಟಿಲ ಕೆಳಗೆ ಪರದೆ ಹಿಡಿದು ನಿಂತು.

“ಕೇಳ್ದೆ. ನಾಳೆ ಉದ್ಘಾಟನೆ, ಇವತ್ತು ಒಂದು ನರಪಿಳ್ಳೆನೂ ಅಲ್ಲಾಡೋ ಹಾಗಿಲ್ಲ ಅಂದ ಗೊಂಚಲಪ್ಪ.”

ಗೊಂಚಲಪ್ಪ ಎಂದರೆ ಮ್ಯಾನೇಜರು. ಸೊಂಟದಲ್ಲಿ ಕಟ್ಟಡದ ಅಷ್ಟೂ ಕೀಲಿಗಳ ಗೊಂಚಲು. ಆತ ಬರುವ ಮೊದಲು ಗೊಂಚಲಿನ ಸದ್ದು ಬರುತ್ತಿತ್ತು. ಸದ್ದಿಗಿಂತ ಮೊದಲು ಆತನ ಮೈಯ ಗಂಧದ ಘಮ.

“ನಿಂಬೆ ಸಿಪ್ಪೆ ಉಜ್ಕೊಂಡು ಹೋಗು ಅಕ್ಕ” ಎಂದು ಮೌನಿ ಶುರುಮಾಡಿದಳು. “ನಮ್ಮ ಚಿಕ್ಕಮ್ಮ ಒಬ್ಬಳು ಮೀನು ಹೆಚ್ಚಿದ ಕೈಗೆ...”

“ನಿನ್ನೆನೇ ಉಜ್ಜಿದ್ದೆ ಕಣೇ. ಬರೀ ಫಿನಾಯಿಲ್ ಆಗಿದ್ದವಳು ನಿಂಬೆಹಣ್ಣಿನ ಫಿನಾಯಿಲ್ ಆದೆ.”

ಮೂವರೂ ನಕ್ಕರು. ನಗು ಮುಗಿದ ಮೇಲೆ ದೊಡ್ಡಕ್ಕ ತನ್ನ ಅಂಗೈಯನ್ನು ಮೂಗಿಗೆ ಹಿಡಿದು ನೋಡಿಕೊಂಡು ಸುಮ್ಮನೆ ಕೆಳಗಿಳಿಸಿದಳು.

ಅಷ್ಟರಲ್ಲಿ ಗಂಧದ ಘಮ, ಅದರ ಹಿಂದೆ ಗೊಂಚಲು. “ಎಲ್ಲಿ ಸತ್ರಿ ಎಲ್ಲಾರೂ? ಮೇಡಂ ಕರೀತಿದಾರೆ. ಪೆಟ್ಟಿಗೆ ಕೋಣೆಗೆ ಬನ್ನಿ, ಬೇಗ!”

ಪೆಟ್ಟಿಗೆ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಕೆಂಗಂದು ಮರ, ಮೂಲೆ ಮೂಲೆಗೂ ಬೆಳ್ಳಿಯ ಕಟ್ಟು, ಮುಚ್ಚಳದ ಒಳಮೈಗೆ ಕನ್ನಡಿ. ನೇರಳೆ ಮಖಮಲ್ಲಿನಲ್ಲಿ ಒಂದೊಂದು ವಸ್ತುವಿಗೂ ಅದರದೇ ಆಕಾರದ ಗುಳಿ. ಬೆಳ್ಳಿ ಮುಚ್ಚಳದ ಅತ್ತರಿನ ಬಾಟಲಿಗಳು, ಪೌಡರ್ ಡಬ್ಬಿ, ಸೋಪಿನ ಡಬ್ಬಿ, ಬಾಚಣಿಗೆ, ಬ್ರಷ್ಷುಗಳು, ಉಗುರು ತೀಡುವ ಅರ, ಕಿವಿ ಶುಚಿಮಾಡುವ ಪುಟ್ಟ ಚಮಚ, ಇನ್ನೂ ಹೆಸರೇ ಗೊತ್ತಾಗದ ನಾಲ್ಕಾರು. ಯಾವುದೋ ಕಾಲದಲ್ಲಿ ಫ್ರಾನ್ಸಿನ ಒಬ್ಬ ಶ್ರೀಮಂತ ಹೆಂಗಸು ಊರಿಂದ ಊರಿಗೆ ಹೋಗುವಾಗ ಇಷ್ಟನ್ನೂ ಜೊತೆಗೆ ಒಯ್ಯುತ್ತಿದ್ದಳಂತೆ. ನಾಳೆಯ ಪ್ರದರ್ಶನದ ಹೆಸರು ‘ಹಳೆಯ ಪರಿಮಳಗಳು’. ಈ ಪೆಟ್ಟಿಗೆಯೇ ಅದರ ಕಿರೀಟ. ಏಕೆಂದರೆ ಅದರ ಮಖಮಲ್ಲಿನಲ್ಲಿ ಆ ಹೆಂಗಸಿನ ಅತ್ತರಿನ ವಾಸನೆ ಇನ್ನೂ ಉಳಿದಿತ್ತು. ನಾಳೆ ಬರುವ ಅತಿಥಿಗಳು ಒಬ್ಬೊಬ್ಬರಾಗಿ ಬಗ್ಗಿ ಅದನ್ನು ಮೂಸಲಿದ್ದರು.

ಆದರೆ ಬೆಳ್ಳಿ ಕಪ್ಪಿಟ್ಟಿತ್ತು. ಅದನ್ನು ಬೆಳಗಲು ಬರಬೇಕಿದ್ದ ಕುಶಲಕರ್ಮಿ ಬೈಕಿನಿಂದ ಬಿದ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದ. ಹೇಗೆ ಉಜ್ಜಬೇಕೆಂದು ಫೋನಿನಲ್ಲಿ ಮೇಡಂಗೆ ಹೇಳಿದ್ದನಂತೆ.

ಮೇಡಂ ಸಂಗ್ರಹದ ಮುಖ್ಯಸ್ಥೆ. ಕೆಟ್ಟವಳಲ್ಲ. ಒಂದು ಬಿರಡೆಯ ಬಿರುಕನ್ನು ಭೂತಗನ್ನಡಿಯಲ್ಲಿ ಅರ್ಧ ದಿನ ನೋಡಬಲ್ಲವಳು. ಮೆಟ್ಟಿಲ ಕೆಳಗೆ ಪರದೆಯ ಹಿಂದೆ ಮನುಷ್ಯರು ಬಗ್ಗಿ ನಿಲ್ಲುವುದನ್ನು ಮಾತ್ರ ಕಂಡಿರಲಿಲ್ಲ. ಕಾಣದಂತೆ ಇರುವುದಕ್ಕೂ ಅಭ್ಯಾಸ ಬೇಕು. ಅದನ್ನು ಕಟ್ಟಡವೇ ಎಲ್ಲರಿಗೂ ಕಲಿಸಿಬಿಟ್ಟಿತ್ತು.

“ಬನ್ನಿ ಬನ್ನಿ. ಮೂರು ಜನ ಸೇರಿದರೆ ಸಂಜೆಯೊಳಗೆ ಮುಗಿಯುತ್ತೆ. ನುಣ್ಣನೆ ಸೀಮೆಸುಣ್ಣದ ಪುಡಿಯ ಪೇಸ್ಟ್ ಇದು. ಹತ್ತಿಗೆ ಹಚ್ಚಿಕೊಂಡು...” ಎನ್ನುತ್ತಿದ್ದವಳು ತಟ್ಟನೆ ನಿಂತಳು. ಮೂಗು ಅರಳಿತು. ದೊಡ್ಡಕ್ಕನ ಹತ್ತಿರ ಬಂದು, ತೋಳಿನ ಬಳಿ ಬಗ್ಗಿ, ಬಾಟಲಿಯೊಂದನ್ನು ಮೂಸಿದಷ್ಟೇ ಶ್ರದ್ಧೆಯಿಂದ ಮೂಸಿದಳು.

“ಫಿನಾಯಿಲ್! ಛೆ ಛೆ, ದೂರ ನಿಂತುಕೊಳ್ಳಿ. ಮಖಮಲ್ಲಿಗೆ ಹತ್ತಿದರೆ ಎಲ್ಲಾ ಹಾಳು.”

ಎರಡು ದಿನದಲ್ಲಿ ಎರಡನೆಯ ಸಲ. ದೊಡ್ಡಕ್ಕ ಬಾಗಿಲವರೆಗೆ ಹಿಂದೆ ಸರಿದಳು. ಅವಳ ಕಿವಿ ಕೆಂಪಗಾಗಿತ್ತು. ಮಗುವಿನಿಂದ ದೂರ, ಪೆಟ್ಟಿಗೆಯಿಂದ ದೂರ. ಇಡೀ ಕಟ್ಟಡ ಘಮಘಮಿಸಲಿ ಎಂದು ಇವಳ ಕೈಗೆ ಫಿನಾಯಿಲ್ ಕೊಟ್ಟವರೇ ಈಗ ಮೂಗು ಮುಚ್ಚಿಕೊಳ್ಳುತ್ತಿದ್ದರು.

ವಕೀಲೆ ಮಾತ್ರ ಗೋಡೆಯ ಮುಂದೆ ನಿಂತು ಓದುತ್ತಿದ್ದಳು. ಚೌಕಟ್ಟು ಹಾಕಿಸಿದ ನಿಯಮ, ಮೇಡಂನ ಸಹಿಯೊಂದಿಗೆ.

“ಮೇಡಂ, ಇದು ನೀವು ಬರೆದದ್ದಾ? ‘ಬೆಳ್ಳಿ ಮುಟ್ಟುವವರು ಬಿಸಿನೀರು, ಸೋಪಿನಿಂದ ಶುಚಿಯಾಗಿರತಕ್ಕದ್ದು. ಒಗೆದ ಬಟ್ಟೆ ಧರಿಸಿರತಕ್ಕದ್ದು. ಮೈಯಿಂದ ಫಿನಾಯಿಲ್, ಬ್ಲೀಚ್ ಮುಂತಾದ ವಾಸನೆ ಬರಕೂಡದು.’”

“ಹೌದು, ನಾನೇ.”

“ಬಹಳ ಚೆನ್ನಾಗಿದೆ ಮೇಡಂ. ಹೀಗೇ ಇರಬೇಕು ಅಂತ ನಾವೂ ಎಷ್ಟೋ ಕಾಲದಿಂದ ಹೇಳ್ತಾ ಇದೀವಿ. ನಿಯಮ ಮುರಿಯೋಕೆ ನಮಗೆ ಮನಸ್ಸಿಲ್ಲ. ಬಿಸಿನೀರು ಎಲ್ಲಿದೆ ಹೇಳಿ, ಹೋಗಿ ಬರ್ತೀವಿ.”

ಮೇಡಂ ಮ್ಯಾನೇಜರನ ಮುಖ ನೋಡಿದಳು. ಮ್ಯಾನೇಜರು ಕಿಟಕಿಯ ಆಚೆ ಕೈ ತೋರಿಸಿದ. “ಅಲ್ಲೇ ಇದೆಯಲ್ಲ ನಲ್ಲಿ.”

“ಅದು ತಣ್ಣೀರು ಸಾರ್” ಎಂದಳು ಮೌನಿ. “ಅದರ ಜೊತೆ ಜನರೇಟರ್ ಹೊಗೆ. ಡೀಸೆಲ್ ವಾಸನೆ ಬೆಳ್ಳಿಗೆ ಆಗಬಹುದಾ ಮೇಡಂ?”

“ಅಯ್ಯೋ ಬೇಡ!” ಎಂದಳು ಮೇಡಂ.

“ಹಾಗಾದ್ರೆ ಸಂದರ್ಶಕರ ಶೌಚಾಲಯ?” ಎಂದು ಮೇಡಂ ಮತ್ತೆ ಕೇಳಿದಳು.

“ಅಲ್ಲಿ ಬರೀ ಕೈ ತೊಳೆಯೋ ಬೇಸಿನ್ನು. ನಾವಿಲ್ಲಿ ತಲೆಯಿಂದ ಕಾಲವರೆಗೆ ಫಿನಾಯಿಲ್” ಎಂದಳು ವಕೀಲೆ. “ಮೇಲಿನ ಮಹಡಿ ಕೊನೆಯಲ್ಲಿ ಬಂಗಲೆ ಕಾಲದ ಬಚ್ಚಲುಮನೆ ಒಂದಿದೆಯಲ್ಲ?”

ಗೊಂಚಲು ಒಮ್ಮೆ ಝಲ್ಲೆಂದಿತು. “ಅದು ಪೂರ್ತಿ ಕೆಟ್ಟಿದೆ” ಎಂದ ಮ್ಯಾನೇಜರು. “ನೀರೇ ಇಲ್ಲ. ಚಾವಣಿ ಯಾವಾಗ ಬೀಳುತ್ತೋ ಗೊತ್ತಿಲ್ಲ. ಎಷ್ಟು ಸಲ ಹೇಳಿಲ್ಲ ನಿಮಗೆ?”

“ಹೇಳಿದೀರ ಸಾರ್, ಪಾಪ, ಕೇಳಿದಾಗಲೆಲ್ಲ ಹೇಳಿದೀರ” ಎಂದಳು ಮೌನಿ. “ಆದ್ರೆ ಹಿಂದಿನ ಅಂಗಳದ ಮೋರಿ ಗುಡಿಸೋಳು ನಾನು. ದಿನಾ ಬೆಳಗ್ಗೆ ಮೇಲಿನ ಕೊಳವೆಯಿಂದ ಬುಸ್ ಅಂತ ನೊರೆ ಬೀಳುತ್ತೆ. ನೀರಿಲ್ಲದ ಕೋಣೆಯಿಂದ ನೊರೆ! ಬರೀ ನೊರೆ ಆಗಿದ್ರೆ ಸುಮ್ಮನಿರ್ತಿದ್ದೆ. ಆಗಾಗ ಒಂದೊಂದು ದಿನ ಕರ್‍ರಗೆ, ಇಜ್ಜಲು ಕಲಸಿದ ಹಾಗೆ ಬೀಳುತ್ತೆ. ದೆವ್ವ ತಲೆ ಸ್ನಾನ ಮಾಡ್ತಿರಬೇಕು ಅಂತ ನಾನು...”

ಮೇಡಂ ಕೈ ಚಾಚಿದಳು. “ಕೀಲಿ ಕೊಡಿ.”

ಬಾಗಿಲ ಮೇಲೆ ‘ಅಪಾಯ, ಶಿಥಿಲ’ ಎಂದು ಕೆಂಪಕ್ಷರದ ಹಲಗೆ. ಬೀಗ ಎಣ್ಣೆ ಹಾಕಿದಂತೆ ಸಲೀಸಾಗಿ ತೆರೆಯಿತು. ಒಳಗೆ ಬಿಳಿ ಗೋಡೆ, ಉದ್ದನೆಯ ತೊಟ್ಟಿ, ಗೀಸರಿನ ಕೆಂಪು ದೀಪ. ಗೋಡೆಗೆ ಆಳೆತ್ತರದ ಕನ್ನಡಿ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಗಂಧದ ಸೋಪು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಮೀಸೆಯ ಕತ್ತರಿ, ಎರಡು ಥರದ ಬಾಚಣಿಗೆ. ಕೆಳಗೆ ಕೋಣೆಯಲ್ಲಿ ಕುಳಿತಿದ್ದ ಪೆಟ್ಟಿಗೆಗೆ ಬಡ ತಮ್ಮನೊಬ್ಬನಿದ್ದರೆ ಹೀಗೇ ಇರುತ್ತಿದ್ದ. ಕೊನೆಯಲ್ಲಿ ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಡಬ್ಬಿ.

ಎಲ್ಲರೂ ಒಮ್ಮೆ ಮ್ಯಾನೇಜರನ ತಲೆಯನ್ನು ನೋಡಿದರು. ಆಮೇಲೆ ಮರ್ಯಾದೆಯಿಂದ ಚಾವಣಿ ನೋಡಿದರು. ಚಾವಣಿ ಬೀಳುವ ಯಾವ ಯೋಚನೆಯಲ್ಲೂ ಇರಲಿಲ್ಲ.

“ಇದೆಲ್ಲ ಯಾರದ್ದು?” ಎಂದು ಮೇಡಂ ಕೇಳಿದಳು.

“ನನಗೇನು ಗೊತ್ತು ಮೇಡಂ? ಯಾರೋ ಹಿಂದಿನವರು ಬಿಟ್ಟುಹೋಗಿರಬೇಕು.”

“ಹಿಂದಿನವರ ಸೋಪು ಇನ್ನೂ ಒದ್ದೆಯಾಗಿದೆ” ಎಂದಳು ಮೌನಿ.

“ಅದೆಲ್ಲ ಆಮೇಲೆ. ಈಗ ಹೊತ್ತಿಲ್ಲ” ಎಂದ ಮೇಡಂ ಹೆಂಗಸರ ಕಡೆ ತಿರುಗಿದಳು. “ಹೇಗೂ ಯಾರದ್ದೂ ಅಲ್ಲವಂತೆ. ನೀವು ಬಳಸಿ. ಒಗೆದ ಬಿಳಿ ಕೋಟುಗಳನ್ನು ನಾನು ಕಳಿಸ್ತೀನಿ.”

ಮ್ಯಾನೇಜರನ ಕೈ ಗಂಧದ ಸೋಪಿನ ಕಡೆಗೆ ಅರ್ಧ ಹೋಗಿ ಹಿಂದೆ ಬಂತು.

ಮೌನಿ ಒಳಗೆ ಹೋದವಳು ಹಾಡುತ್ತಲೇ ಹೊರಬಂದಳು. ವಕೀಲೆ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಪೂರ್ತಿ ಓದಿದಳು. ದೊಡ್ಡಕ್ಕನ ಸರದಿ ಬಂದಾಗ ಅವಳು ನಲ್ಲಿಯ ಮುಂದೆ ಸುಮ್ಮನೆ ನಿಂತುಬಿಟ್ಟಳು. ಇಂಥ ನಲ್ಲಿಗಳನ್ನು ಅವಳು ಎಷ್ಟೋ ತಿಕ್ಕಿದ್ದಳು. ತಿರುಗಿಸಿದರೆ ಬಿಸಿನೀರು ಬರುತ್ತದೆಂದು ಗೊತ್ತಿತ್ತು. ತನ್ನ ತಲೆಯ ಮೇಲೂ ಬೀಳಬಹುದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮೊದಲು ಕಾಲಿಗೆ, ಆಮೇಲೆ ಭುಜಕ್ಕೆ, ಆಮೇಲೆ ಕಣ್ಣು ಮುಚ್ಚಿ ನೆತ್ತಿಗೆ. ಗಂಧದ ಸೋಪನ್ನು ಉಗುರಿನ ಸಂದಿಗೂ, ಮೊಳಕೈಯ ಸುಕ್ಕಿಗೂ ಬಿಡದೆ ಉಜ್ಜಿದಳು. ಸೋಪು ಅರ್ಧಕ್ಕಿಳಿಯಿತು.

“ಅಕ್ಕಾ, ಬೆಳ್ಳಿ ಉಜ್ಜೋದು ಕೆಳಗೆ!” ಎಂದು ಬಾಗಿಲ ಹೊರಗಿಂದ ಮೌನಿ ಕೂಗಿದಳು. “ನೀನೇ ಹೊಳೆದುಬಿಟ್ಟರೆ ನಾಳೆ ನಿನ್ನನ್ನೇ ಗಾಜಿನೊಳಗೆ ಇಡ್ತಾರೆ!”

ಕೆಲಸ ಶುರುವಾಯಿತು. ಬಿಳಿ ಕೋಟು, ಬಿಳಿ ಗವಸು. ಒಂದೊಂದೇ ವಸ್ತುವನ್ನು ಗುಳಿಯಿಂದೆತ್ತಿ, ಮರಕ್ಕೆ ತಾಗದಂತೆ ದೂರವಿಟ್ಟು, ಹತ್ತಿಯಲ್ಲಿ ಮೆಲ್ಲಗೆ ಸುತ್ತಿ ಸುತ್ತಿ ಉಜ್ಜಿದರೆ ಕಪ್ಪು ಹತ್ತಿಗೆ ಇಳಿದು, ಅಡಿಯಿಂದ ಹೂಬಳ್ಳಿಯೊಂದು ಮೇಲೇಳುತ್ತಿತ್ತು. ಮೌನಿ ಒಂದು ಬಾಗಿದ ಬೆಳ್ಳಿ ಪಟ್ಟಿ ಹಿಡಿದು ತಿರುಗಿಸಿ ನೋಡಿದಳು.

“ಇದೇನು ಮೇಡಂ?”

“ನಾಲಿಗೆ ಉಜ್ಜುವುದು.”

“ಗೊಂಚಲಪ್ಪನಿಗೆ ಕೊಡೋಣ. ಸುಳ್ಳು ಹೇಳೀ ಹೇಳೀ ದಪ್ಪಗಾಗಿದೆ.”

ಮೇಡಂಗೆ ನಗು ತಡೆಯಲಾಗಲಿಲ್ಲ. ತಲೆ ತಗ್ಗಿಸಿ ಬಾಟಲಿಯೊಂದರ ಬಿರಡೆ ತಿರುಗಿಸಲು ನೋಡಿದಳು. ಅದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಅತ್ತರು ಒಣಗಿ ಬಿರಡೆ ಗಾಜಿಗೆ ಕಚ್ಚಿಕೊಂಡಿತ್ತು.

“ಮೇಡಂ, ಈ ಯಮ್ಮ ಪ್ರಯಾಣದಲ್ಲಿ ಮುಖ ತೊಳೀಬೇಕಾದ್ರೆ ಇಷ್ಟೆಲ್ಲ ಬೇಕಿತ್ತು, ಸರಿ” ಎಂದಳು ವಕೀಲೆ. “ಇಷ್ಟು ಭಾರದ ಪೆಟ್ಟಿಗೆ ಅವಳೇ ಹೊರ್ತಿದ್ಲಾ?”

“ಇಲ್ಲ. ಕೆಲಸದವಳು ಇರ್ತಿದ್ದಳು.”

“ಆ ಕೆಲಸದವಳು ಎಲ್ಲಿ ಮುಖ ತೊಳೀತಿದ್ಲು?”

ಮೇಡಂ ಬಾಟಲಿಯನ್ನು ಗುಳಿಗಿಟ್ಟು, “ನೀವು ಎಲ್ಲಿ ತೊಳೀತಿದ್ರಿ, ಇಷ್ಟು ದಿನ?” ಎಂದು ಕೇಳಿದಳು. ಮೌನಿ ಹೇಳಿದಳು. ಮೌನಿ ಹೇಳಲು ಶುರುಮಾಡಿದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಪರದೆ, ಸಂದು, ಜನರೇಟರ್, ಕೊನೆಗೆ ಆಸ್ಪತ್ರೆ, ಬೀಗಿತ್ತಿ, ಮಗುವಿನ ಮೂಗಿನ ತುದಿ. ದೊಡ್ಡಕ್ಕ “ಸುಮ್ನಿರೇ” ಎಂದು ಎಷ್ಟು ಗದರಿದರೂ ಕೇಳಲಿಲ್ಲ. ಮೇಡಂ ಪೌಡರ್ ಡಬ್ಬಿಯ ಮುಚ್ಚಳವನ್ನು ಒಂದೇ ಕಡೆ ಉಜ್ಜುತ್ತ ಕುಳಿತಳು.

ಹೊರಗೆ ಬಿಸಿಲು ಹಳದಿಯಾಯಿತು. ಎರಡು ಬ್ರಷ್ಷು, ಮೂಲೆಯ ಕಟ್ಟುಗಳು ಇನ್ನೂ ಉಳಿದಿದ್ದವು. ದೊಡ್ಡಕ್ಕ ತಲೆಯೆತ್ತಿ ಗಡಿಯಾರ ನೋಡಿದ್ದನ್ನು ವಕೀಲೆ ಕಂಡಳು. ಅವಳ ಕೈಯಿಂದ ಬ್ರಷ್ಷು ಕಿತ್ತುಕೊಂಡಳು.

“ಎದ್ದೇಳು ಅಕ್ಕ. ಇದನ್ನ ನಾವು ನೋಡ್ಕೋತೀವಿ.”

“ಹೋಗಿ ಬನ್ನಿ” ಎಂದಳು ಮೇಡಂ ಕೂಡ.

ದೊಡ್ಡಕ್ಕ ಬಟ್ಟೆ ಬದಲಿಸಿ, ಬಾಗಿಲಿರುವ ಕೋಣೆಯಲ್ಲಿ ನೆಟ್ಟಗೆ ನಿಂತು ಬದಲಿಸಿ, ಹೊರಬಾಗಿಲಿಗೆ ಬಂದರೆ ಮ್ಯಾನೇಜರು ಅಡ್ಡ ನಿಂತಿದ್ದ. ಆತ ಬೆಳಗ್ಗೆಯಿಂದ ಇದಕ್ಕೇ ಕಾದಿದ್ದ. ಮೂಗರಳಿಸಿ ಎರಡು ಸಲ ಉಸಿರೆಳೆದುಕೊಂಡ.

“ನಿಲ್ಲು. ಏನಿದು ಘಮಘಮ? ಅತ್ತರು ಹಚ್ಕೊಂಡಿದೀಯಾ? ಪೆಟ್ಟಿಗೆ ಬಾಟ್ಲಿಗೇ ಕೈ ಹಾಕಿದೆಯಾ?”

“ಇಲ್ಲ ಸಾರ್. ದಾರಿ ಬಿಡಿ, ಗೇಟು ಹಾಕಿಬಿಡ್ತಾರೆ.”

“ಬಿಡ್ತೀನಿ, ಎಲ್ಲಾ ಬಿಡ್ತೀನಿ! ಮೇಡಂ! ಮೇಡಂ, ಬನ್ನಿ ಇಲ್ಲಿ! ಇವರನ್ನ ಒಳಗೆ ಬಿಟ್ಟರೆ ಏನಾಗುತ್ತೆ ನೋಡಿ. ನಿಮ್ಮ ಪರಿಮಳ ಎಲ್ಲಾ ಇವಳ ಮೈಮೇಲಿದೆ!”

ಮೇಡಂ ಓಡಿ ಬಂದಳು. ಹಿಂದೆ ಬಿಳಿ ಕೋಟಿನ ಇಬ್ಬರು. ಮೇಡಂ ಬೆಳಗ್ಗೆಯಂತೆಯೇ ದೊಡ್ಡಕ್ಕನ ತೋಳಿನ ಬಳಿ ಬಂದಳು. ಬಗ್ಗಲು ಹೋಗಿ ತಡೆದಳು.

“ಒಂದು ಸಲ ಮೂಸಲಾ ಅಮ್ಮ?”

ಅಮ್ಮ ಎಂದಳು. ಕೇಳಿದಳು ಬೇರೆ. ದೊಡ್ಡಕ್ಕ ತೋಳು ಚಾಚಿದಳು.

“ಇದು ಅತ್ತರಲ್ಲ” ಎಂದಳು ಮೇಡಂ. “ಬಾಟಲಿ ಬಿಚ್ಚಿಯೇ ಇಲ್ಲ, ನಾನೇ ಸೋತೆ. ಇದು ಗಂಧದ ಸೋಪು.”

“ಯಾರೋ ಹಿಂದಿನವರು ಬಿಟ್ಟುಹೋದದ್ದು” ಎಂದಳು ಮೌನಿ.

“ಮೇಡಂ, ಇಷ್ಟು ದೂರ ಬಂದಿದೀರ, ಹಾಗೇ ಸಾರ್‌ನೂ ಒಂದು ಸಲ ಮೂಸಿ ನೋಡಿ” ಎಂದಳು ವಕೀಲೆ. “ನ್ಯಾಯ ಅಂದ್ರೆ ಎಲ್ಲರಿಗೂ ಒಂದೇ ಇರಬೇಕು.”

ಮ್ಯಾನೇಜರು ಹಿಂದೆ ಸರಿದ. ಹಿಂದೆ ಗೋಡೆ. ಮೇಡಂ ಆತನ ಕಾಲರಿನ ಬಳಿ ಮುಖ ತಂದು, ಪರಿಣತರಂತೆ ಒಮ್ಮೆ ಉಸಿರೆಳೆದುಕೊಂಡಳು. ಕಣ್ಣು ಮುಚ್ಚಿ, ತೆರೆದು ನುಡಿದಳು: “ಅದೇ ಸೋಪು. ಮೇಲೆ ಸ್ವಲ್ಪ ತಲೆಬಣ್ಣ.”

ಯಾರೂ ನಗಲಿಲ್ಲ. ನಗಬಾರದೆಂದು ಮೌನಿ ಕೈಗವಸನ್ನೇ ಬಾಯಿಗೆ ತುರುಕಿಕೊಂಡಿದ್ದಳು. ಮೇಡಂ ಆತನ ಗೊಂಚಲಿನಿಂದ ಒಂದು ಕೀಲಿಯನ್ನು ಬಿಡಿಸಿ ವಕೀಲೆಯ ಕೈಗೆ ಕೊಟ್ಟಳು.

“ಮೇಲಿನ ಬಚ್ಚಲುಮನೆಯದು. ಪ್ರದರ್ಶನ ಮುಗಿಯುವವರೆಗೆ ನಿಮ್ಮ ಹತ್ತಿರ ಇರಲಿ.”

“ಬೆಳ್ಳಿ ಕಪ್ಪಾಗೋದು ನಿಲ್ಲೋವರೆಗೆ ಅನ್ನಿ ಮೇಡಂ.”

ಬೆಳ್ಳಿ ಕಪ್ಪಾಗುವುದು ಎಂದೂ ನಿಲ್ಲುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಹಾಗೇ ಆಗಲಿ” ಎಂದಳು ಮೇಡಂ. “ಆ ‘ಶಿಥಿಲ’ ಹಲಗೆನೂ ತೆಗೆದುಬಿಡಿ.”

ಈ ಮಾತು ಮುಗಿಯುವಾಗ ದೊಡ್ಡಕ್ಕ ಅಲ್ಲಿರಲಿಲ್ಲ. ಬಸ್ಸಿನ ಹಿಂದೆ ಓಡುತ್ತಿದ್ದಳು.

ಗೇಟಿನವನು ಚಿಲಕಕ್ಕೆ ಕೈ ಹಾಕಿದ್ದಾಗ ನುಸುಳಿದಳು. ಏದುಸಿರು ಬಿಡುತ್ತ ಹಾಸಿಗೆಯ ಬಳಿ ಬಂದರೆ ಬೀಗಿತ್ತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾವಲು ಕುಳಿತಿದ್ದಳು. ಅಭ್ಯಾಸದಂತೆ ಮೂಗು ಮುಂದೆ ಮಾಡಿದಳು. ಇನ್ನೊಮ್ಮೆ ಮುಂದೆ ಮಾಡಿದಳು.

“ಏನು ಹಚ್ಕೊಂಡಿದೀರಾ?”

“ಏನಿಲ್ಲ. ಸ್ನಾನ ಮಾಡಿದೆ. ಕೆಲಸದ ಜಾಗದಲ್ಲೇ.”

“ಅಲ್ಲಿ ಬಿಸಿನೀರೂ ಇದೆಯಾ?” ಬೀಗಿತ್ತಿಯ ದನಿಯಲ್ಲಿ ಹೊಟ್ಟೆಕಿಚ್ಚಿನ ಎಳೆಯೊಂದು ಸೇರಿಕೊಂಡಿತು.

“ಇದೆ. ಆಳೆತ್ತರದ ಕನ್ನಡಿನೂ ಇದೆ.”

ಮಗಳು ಎದ್ದು ಕುಳಿತಳು. “ಅತ್ತೆ, ಮಗು ಕೊಡಿ” ಎಂದಳು. ನಿನ್ನೆ ಹೇಳಲಾಗದ್ದನ್ನೂ ಸೇರಿಸಿ ಹೇಳಿದಂತಿತ್ತು. “ನಮ್ಮಮ್ಮನಿಗೆ ಕೊಡಿ.”

ಬೀಗಿತ್ತಿ ಕೊಟ್ಟಳು.

ಮಗು ಅಂದುಕೊಂಡದ್ದಕ್ಕಿಂತ ಹಗುರವಿತ್ತು, ಬೆಚ್ಚಗಿತ್ತು. ದೊಡ್ಡಕ್ಕನ ಬೆರಳಿನಲ್ಲಿ ಹತ್ತಿಯಿಂದ ಉಜ್ಜುವ ಆ ನವಿರು ಇನ್ನೂ ಉಳಿದಿತ್ತು. ಆ ಬೆರಳಿನಿಂದಲೇ ಮಗುವಿನ ಹುಬ್ಬು ಸವರಿದಳು. ಮಗು ಮುಷ್ಟಿ ಬಿಚ್ಚಿ ಅವಳ ಹೆಬ್ಬೆರಳು ಹಿಡಿಯಿತು. ಅವಳ ಎದೆಗೆ ಮೂಗು ಒತ್ತಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಿತು. ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಅಜ್ಜಿಯ ಮಡಿಲು ತೋಯಿಸಿತು.

“ಅಯ್ಯಯ್ಯೋ!” ಎಂದು ಬೀಗಿತ್ತಿ ಬಟ್ಟೆ ಹುಡುಕಲು ಎದ್ದಳು. “ಈಗ ತಾನೆ ಸ್ನಾನ ಮಾಡಿ ಬಂದಿದೀರ, ಪಾಪ, ಎಲ್ಲಾ ಹೋಯ್ತಲ್ಲ!”

ದೊಡ್ಡಕ್ಕ ಅಲುಗಾಡಲಿಲ್ಲ. ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಹೋಗಲಿ ಬಿಡಿ” ಎಂದಳು. “ನಾಳೆ ಮತ್ತೆ ಮಾಡ್ತೀನಿ.”